ಬಂಗಲೆಗೆ ಸಿಮೆಂಟಿನ ಅಭಿಷೇಕ

ಬೆಂಗಳೂರು ದಂಡಿನ ಹಳೇ ಬಂಗಲೆಯನ್ನು ಕೆಡವಲು ಜೆಸಿಬಿಯೇ ಬೇಕೆಂದಿಲ್ಲ. ಪಾರಂಪರಿಕ ಕಟ್ಟಡ ಅಂತ ಘೋಷಿಸಿ ಜೀರ್ಣೋದ್ಧಾರಕ್ಕೆ ಟೆಂಡರ್ ಕರೆದರೆ ಸಾಕು. ಜೆಸಿಬಿ ಬಂದರೆ ಯಾರಾದರೂ ಕೋರ್ಟಿಗೆ ಹೋದಾರು. ಟೆಂಡರಿಗಾದರೆ ಹಾರ ಬೀಳುತ್ತದೆ.

ಮೊದಲು ಗೋಡೆ. ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ಕೊಳೆಹಾಕಿ, ಮರಳನ್ನೋ ಇಟ್ಟಿಗೆ ಪುಡಿಯನ್ನೋ ಬೆರೆಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕಿ ಹದ ಮಾಡಿದ ಗಾರೆ ಅದರ ಮೈಮೇಲಿದೆ. ಅಳಲೆಕಾಯಿ ಕಷಾಯಕ್ಕೆ ಎಸ್ಟಿಮೇಟಿನಲ್ಲಿ ರೇಟು ಎಲ್ಲಿದೆ? ರೇಟಿಲ್ಲದ ಪದಾರ್ಥ ಲೋಕದಲ್ಲೇ ಇಲ್ಲ. ಆದ್ದರಿಂದ ಹಳೇ ಗಾರೆ ಪೂರ್ತಿ ಕೆತ್ತಿ, ಒಂದು ಪಾಲಿಗೆ ನಾಲ್ಕು ಪಾಲು ಮರಳು ಬೆರೆಸಿದ ಸಿಮೆಂಟು ಬಳಿದು, ಪುಟ್ಟಿ ಹಚ್ಚಿ, ಫಳಫಳ ಹೊಳೆಯುವ ಪೇಂಟು ಹೊಡೆಯತಕ್ಕದ್ದು.

ಆ ಕಾಲದ ಗೋಡೆಗಳ ಬುಡದಲ್ಲಿ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ನೆಲದಿಂದ ಏರಿದ ತೇವ ಸುಣ್ಣದ ಮೂಲಕ ಆರಿಹೋಗುತ್ತಿತ್ತು. ಸಿಮೆಂಟು ಆ ದಾರಿ ಮುಚ್ಚಿದರೆ ತೇವ ಇನ್ನಷ್ಟು ಮೇಲೆ ಹತ್ತುತ್ತದೆ. ಜೊತೆಗೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿಗಟ್ಟುತ್ತದೆ. ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಸದ್ದಿಲ್ಲದೆ ಕೊಳೆಯುತ್ತದೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಸಿ ಮಳೆನೀರನ್ನು ಗೋಡೆಯತ್ತಲೇ ತಿರುಗಿಸಿದ್ದರಂತೂ ಕೆಲಸ ಬೇಗ ಮುಗಿಯುತ್ತದೆ. ಕೆಲವೇ ಮಳೆಗಾಲಕ್ಕೆ ಪ್ಲಾಸ್ಟರು ಹಪ್ಪಳದಂತೆ ಉಬ್ಬಿ ಏಳುತ್ತದೆ. ಆಗ ವರದಿ: ಹಳೆಯ ಗೋಡೆ ಶಿಥಿಲವಾಗಿದೆ. ಪರಿಹಾರ: ಇನ್ನೊಂದು ಕೋಟು ಸಿಮೆಂಟು.

ಚಾವಣಿ ಮದ್ರಾಸ್ ತಾರಸಿಯಾದರೆ ಗುತ್ತಿಗೆದಾರರ ಪುಣ್ಯ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಹಾಕಿ ದಿನಗಟ್ಟಲೆ ಬಡಿದು ಕೂರಿಸಿದ್ದದು. ಸೋರಿದರೆ ಬಿರುಕಿಗೆ ಸುಣ್ಣ ತುಂಬಿದರಾಯಿತು. ಆದರೆ ಅಷ್ಟಕ್ಕೆ ಬಿಲ್ಲು ದಪ್ಪಗಾಗುವುದಿಲ್ಲ. ಹಾಗಾಗಿ ನಾಲ್ಕಿಂಚು ಕಾಂಕ್ರೀಟು, ಅಂದರೆ ಚದರ ಮೀಟರಿಗೆ ಸುಮಾರು 240 ಕಿಲೋ ಹೆಚ್ಚುವರಿ ಭಾರ. ತೊಲೆ ಬಾಗಿದರೆ ಅದಕ್ಕೂ ಷರಾ ಸಿದ್ಧ: ಬ್ರಿಟಿಷರ ಕಾಲದ ಕಳಪೆ ಕಾಮಗಾರಿ.

ವರಾಂಡದ ಮಂಗಳೂರು ಹೆಂಚಿನಲ್ಲಿ ಒಂದು ಒಡೆದರೆ ಅದೊಂದನ್ನೇ ಜಾರಿಸಿ ಬದಲಿಸಬಹುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಇಟ್ಟಾಗಿನಿಂದ ಇದೇ ಅದರ ಗುಣ. ನಮ್ಮವರು ಇಡೀ ಮಾಡು ಬಿಚ್ಚಿ ಹೆಂಚಿನ ಆಕಾರದ ತಗಡು ಹೊದಿಸುತ್ತಾರೆ, ದೂರದಿಂದ ಫೋಟೋಗೆ ಒಂದೇ ತರಹ ತಾನೆ! ಕೆಂಪು ಗಾರೆ ನೆಲಕ್ಕೆ ವಿಟ್ರಿಫೈಡ್ ಟೈಲ್ಸು. ಕಿಟಕಿಯ ನೆತ್ತಿಯ ಚೂಪು ಮರದ ಮಾಡಿಗೆ, ಅಂದರೆ ಮಂಕಿ ಟಾಪಿಗೆ, ಗೆದ್ದಲು ಅಂತ ಕಿತ್ತು, ಅದನ್ನೇ ಫೈಬರಿನಲ್ಲಿ ಮಾಡಿಸಿ ವಾಚ್‌ಮನ್ ಗೂಡಿನ ನೆತ್ತಿಗೆ ಕೂರಿಸಿದರೆ ಪರಂಪರೆ ಗೇಟಿನಲ್ಲೇ ದರ್ಶನ ಕೊಡುತ್ತದೆ.

ಉಳಿದದ್ದು ಶಿಲಾಫಲಕ. ಕಟ್ಟಿದ ಮೇಸ್ತ್ರಿಯ ಹೆಸರು ಬೇಡ. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ ಮಾತ್ರ ತಪ್ಪಕೂಡದು. ಗ್ರಾನೈಟು ಒಂದನೇ ದರ್ಜೆಯದೇ ಇರಲಿ, ಗೋಡೆ ಬಿದ್ದ ಮೇಲೂ ಹೆಸರು ಓದಲು ಬರಬೇಕಲ್ಲ.