ಗದ್ದೆಗೆ ಬಂದ ಕಾಡುಹಂದಿಗೆ ಗುಂಡು ಹೊಡೆಯಬಹುದೇ?

ಪರ: ಬೆಳೆದವನಿಗೆ ಕಾಯುವ ಹಕ್ಕೂ ಬೇಕು

ಹಂದಿ ತನ್ನ ಪಾಲು ತಿಂದು ಹೋಗುವಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಅದು ಎರೆಹುಳು, ಗೆಡ್ಡೆ ಹುಡುಕುತ್ತಾ ಮೂತಿಯಲ್ಲಿ ನೆಲ ಅಗೆಯುತ್ತದೆ, ಬದು ಒಡೆಯುತ್ತದೆ, ಹಾಲುಗಟ್ಟಿದ ಭತ್ತದ ತೆನೆ ಜಗಿದು ಉಗಿಯುತ್ತದೆ, ಉಳಿದದ್ದರ ಮೇಲೆ ಹೊರಳಾಡಿ ಮಣ್ಣುಪಾಲು ಮಾಡುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಯಾರೋ ಟಿಲ್ಲರ್ ಹೊಡೆದ ಹಾಗೆ ಇರುತ್ತದೆ. ನಾಲ್ಕು ತಿಂಗಳ ದುಡಿಮೆ, ಒಂದೇ ರಾತ್ರಿ.

ನಮ್ಮದು ಸಾಗರದ ಕಡೆಯ ಹಳ್ಳಿ. ಕಾಡಂಚಿಗೆ ಒಂದೂವರೆ ಎಕರೆ ಗದ್ದೆ. ನಾವು ಮಾಡದೇ ಇರುವುದು ಯಾವುದೂ ಇಲ್ಲ. ಡಬ್ಬ ಬಡಿದೆವು, ಗರ್ನಾಲು ಹೊಡೆದೆವು, ಸುತ್ತಲೂ ಹಳೇ ಸೀರೆ ಕಟ್ಟಿದೆವು, ಪೇಟೆಯ ಕ್ಷೌರದಂಗಡಿಯಿಂದ ಚೀಲಗಟ್ಟಲೆ ಕೂದಲು ತಂದು ಬದುವಿನ ಮೇಲೆ ಹರಡಿದೆವು. ಎರಡು ದಿನ ಹೆದರಿದವು, ಮೂರನೇ ದಿನ ಮತ್ತೆ ಬಂದವು. ಕೊನೆಗೆ ಉಳಿದದ್ದು ಮಾಳದಲ್ಲಿ, ಅಂದರೆ ಗದ್ದೆಯ ಕಾವಲು ಅಟ್ಟಣೆಯಲ್ಲಿ, ಕೂತು ಕಾಯುವುದು. ನಾನು, ಅಣ್ಣ, ಅಪ್ಪಯ್ಯ ಸರದಿ ಮೇಲೆ ಕಾಯುತ್ತಿದ್ದೆವು. ಮೂರು ವರ್ಷದ ಹಿಂದೆ ಒಂದು ರಾತ್ರಿ ಅಪ್ಪಯ್ಯನ ಸರದಿ. ಗದ್ದೆಯ ಕೆಳಗಿನ ಮೂಲೆಯಲ್ಲಿ ಸದ್ದಾಯಿತೆಂದು ಟಾರ್ಚ್ ಹಿಡಿದು ಇಳಿದು ಹೋದರು. ಒಂಟಿ ಗಂಡುಹಂದಿ ನೇರ ನುಗ್ಗಿ ಬಂತು. ಕೋರೆ ಹಲ್ಲು ತೊಡೆಯನ್ನು ಮೊಣಕಾಲಿನವರೆಗೆ ಸೀಳಿತ್ತು. ಇಪ್ಪತ್ತೆರಡು ಹೊಲಿಗೆ. ಅರವತ್ತೆಂಟು ವರ್ಷದ ಮನುಷ್ಯ ಕೆಸರಿನಲ್ಲಿ ಬಿದ್ದು ನಮ್ಮನ್ನು ಕೂಗುತ್ತಿದ್ದರು, ನಮಗೆ ಕೇಳಿಸಿದ್ದು ಎಷ್ಟೋ ಹೊತ್ತಿನ ಮೇಲೆ. ಈಗಲೂ ಅವರು ಕಾಲೆಳೆದುಕೊಂಡೇ ನಡೆಯುತ್ತಾರೆ. ಆ ಗದ್ದೆಯನ್ನು ಆಮೇಲೆ ನಾವು ನಟ್ಟಿ ಮಾಡಲೇ ಇಲ್ಲ.

ಮನೆಯಲ್ಲಿ ಕೋವಿ ಇದೆ. ಬೆಳೆ ರಕ್ಷಣೆಗೆಂದೇ ಕೊಟ್ಟ ಲೈಸೆನ್ಸ್. ಆದರೆ ಅದರಲ್ಲಿ ಗಾಳಿಗೆ ಗುಂಡು ಹಾರಿಸಬಹುದು, ಅನುಮತಿ ಇಲ್ಲದೆ ಹಂದಿಗೆ ಹೊಡೆದರೆ ಕೇಸು. ಚುನಾವಣೆ ಬಂತೆಂದರೆ ಅದನ್ನೂ ಠಾಣೆಗೆ ಒಪ್ಪಿಸಬೇಕು. ಬೆಳೆ ಕಾಯಲು ಕೊಟ್ಟ ಕೋವಿ ಬೆಳೆ ನಿಂತಾಗ ಠಾಣೆಯಲ್ಲಿದ್ದರೆ ಏನು ಉಪಯೋಗ?

ಕಾನೂನೇ ಇಲ್ಲ ಎನ್ನುವುದು ಸುಳ್ಳು. 1972ರ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ನಿಂತ ಬೆಳೆಗೆ ಅಪಾಯ ತರುವ ಕಾಡುಹಂದಿಯಂಥ ಪ್ರಾಣಿಯನ್ನು ಹೊಡೆಯಲು ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಆದರೆ ಆ ಕಾಗದ ಕೈಗೆ ಬರುವ ಹೊತ್ತಿಗೆ ಹಂದಿ ಮುಂದಿನ ಊರು ಸೇರಿರುತ್ತದೆ. ಕೇರಳ 2022ರಲ್ಲಿ ಈ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೇ ಕೊಟ್ಟಿತು. ಲೈಸೆನ್ಸ್ ಇದ್ದವರೇ ಹೊಡೆಯಬೇಕು, ವಿಷ, ಸಿಡಿಮದ್ದು, ಕರೆಂಟು ಯಾವುದೂ ಕೂಡದು. 2015–16ರಲ್ಲಿ ಬಿಹಾರ, ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಕೇಂದ್ರ ಸರ್ಕಾರವೇ ಒಂದು ವರ್ಷದ ಮಟ್ಟಿಗೆ ಹಂದಿಯನ್ನು ಉಪದ್ರವಕಾರಿ, ಅಂದರೆ ಹೊಡೆದರೆ ಕೇಸಾಗದ ಪ್ರಾಣಿ, ಎಂದು ಘೋಷಿಸಿತ್ತು. ಅಲ್ಲಿ ಆಗುವುದು ಮಲೆನಾಡಿನಲ್ಲಿ ಯಾಕೆ ಆಗಬಾರದು?

ಮಾಂಸದ ಆಸೆಗೆ ಕೇಳುತ್ತಾರೆ ಅಂತ ಕೆಲವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಒಡೆಯುವುದಿಲ್ಲ. ಮೊಬೈಲಿನಲ್ಲಿ ಹಂದಿಮರಿಯ ವಿಡಿಯೋ ನೋಡಿ ಅಯ್ಯೋ ಪಾಪ ಅನ್ನುವವರು ಒಂದು ರಾತ್ರಿ, ಒಂದೇ ರಾತ್ರಿ, ನಮ್ಮ ಮಾಳದಲ್ಲಿ ಕೂತು ನೋಡಲಿ.

ವಿರೋಧ: ಕೋವಿ ಹಂದಿಗೇ ನಿಲ್ಲುವುದಿಲ್ಲ

ವಿರೋಧದ ಕಡೆಯಿಂದ ಬರೆಯಿರಿ ಎಂದು ನನ್ನನ್ನು ಕೇಳಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ಹಾನಗಲ್ ಕಡೆಯ ನನ್ನ ತವರಿನ ಗೋವಿನಜೋಳದ ಹೊಲಕ್ಕೂ ಹಂದಿ ಬಿದ್ದಿದೆ. ಅದರಿಂದ ತೊಂದರೆಯೇ ಇಲ್ಲ ಎಂದು ನಾನು ಬರೆಯಲಾರೆ.

ಆದರೂ ಒಂದಷ್ಟು ಮಾತುಗಳಿವೆ. ಹೆಣ್ಣುಹಂದಿ ಒಂದೇ ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ಹತ್ತು ಹೊಡೆದರೆ ಆ ಜಾಗ ಬಹಳ ದಿನ ಖಾಲಿ ಇರುವುದಿಲ್ಲ. ಚಿರತೆ, ಹುಲಿಗೆ ಹಂದಿಯೂ ಆಹಾರ, ಕಾಡಿನಲ್ಲಿ ಅದು ಸಿಗದಿದ್ದರೆ ಅವು ಕೊಟ್ಟಿಗೆಗೆ ಬರುತ್ತವೆ. ನಾಲ್ಕು ಮನೆಯವರು ಸೇರಿ ಸೋಲಾರ್ ಬೇಲಿ ಹಾಕಿ, ಬಳ್ಳಿ ಹಬ್ಬದಂತೆ ಅದರ ಬುಡ ಸವರುತ್ತಿದ್ದರೆ ಹಂದಿ ಬರುವುದು ಎಷ್ಟೋ ಕಡಿಮೆಯಾಗುತ್ತದೆ. ಬೆಳೆ ಹೋದವರಿಗೆ ಅರಣ್ಯ ಇಲಾಖೆಯ ಪರಿಹಾರವೂ ಇದೆ, ಅರ್ಜಿ ಹಾಕಬೇಕು ಅಷ್ಟೇ.

ನನ್ನ ಭಯ ಬೇರೆ. ಹಂದಿಗೆ ಎಂದು ಇಟ್ಟದ್ದು ಹಂದಿಗೇ ತಾಗುತ್ತದೆ ಅನ್ನುವ ನಂಬಿಕೆ ನನಗಿಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಸುರಿ ಆನೆಯೊಂದು ಬಾಯಲ್ಲಿ ಸಿಡಿಮದ್ದು ಸಿಡಿದು, ಹೊಳೆ ನೀರಿನಲ್ಲಿ ನಿಂತೇ ಸತ್ತಿತಲ್ಲ, ಆ ಮದ್ದನ್ನು ಅಲ್ಲಿ ಹಂದಿಗೆಂದೇ ಇಡುವುದು.

ನಮ್ಮ ಮನೆಯಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ನಾನು ಕಾಲೇಜಿಗೆ ಹೋಗುವಾಗ ಬಸ್ ಸ್ಟಾಪಿನ ತನಕ ಬಂದು, ಬಸ್ಸು ಹೊರಟ ಮೇಲೆ ವಾಪಸ್ ಹೋಗುತ್ತಿತ್ತು. ಒಂದು ದಿನ ಕಾಣಲಿಲ್ಲ. ಎರಡು ದಿನ ಹುಡುಕಿದೆವು. ಮೂರನೇ ದಿನ ಹೊಲದ ಆಚೆಯ ಲಂಟಾನದ ಪೊದೆಯಲ್ಲಿ ಸಿಕ್ಕಿತು. ಬೈಕಿನ ಕ್ಲಚ್ ಕೇಬಲ್‌ನಿಂದ ಮಾಡಿದ ಉರುಳು, ಸೊಂಟಕ್ಕೆ ಬಿಗಿದಿತ್ತು. ಎಳೆದಷ್ಟೂ ಒಳಗೆ ಇಳಿಯುವ ತಂತಿ ಅದು. ಸುತ್ತಲಿನ ಮಣ್ಣೆಲ್ಲ ಕೆರೆದು ಹಾಕಿತ್ತು. ಇನ್ನೂ ಜೀವ ಇತ್ತು, ನನ್ನನ್ನು ನೋಡಿ ಬಾಲ ಆಡಿಸಿತು. ಅಣ್ಣ ಇಕ್ಕಳ ತಂದು ತಂತಿ ಕತ್ತರಿಸಿದ. ಮನೆ ತಲುಪುವ ಮುಂಚೆಯೇ ಹೋಯಿತು.

ಕೋವಿ ಬೇರೆ, ಉರುಳು ಬೇರೆ ಎಂದು ನೀವು ಹೇಳಬಹುದು. ಆದರೆ ಹೊಡೆಯುವುದು ತಪ್ಪಲ್ಲ ಎಂದು ಊರಿಗೆ ಒಮ್ಮೆ ಅನಿಸಿದರೆ, ಲೈಸೆನ್ಸ್ ಇಲ್ಲದವನು ಸುಮ್ನೆ ಕೂರುತ್ತಾನಾ? ಆ ಉರುಳು ಹಾಕಿದ್ದು ಯಾರು ಅಂತ ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರ ಹೊಲವನ್ನೂ ಹಂದಿ ಹಾಳು ಮಾಡಿತ್ತು. ಯಾರೂ ಹೆಸರು ಹೇಳಲಿಲ್ಲ. ಅಪ್ಪನೂ ಕೇಳಲಿಲ್ಲ.