ಮರ ಫಲ ಕೊಡುವವರೆಗೆ ದುಡ್ಡು ಎಲ್ಲಿಂದ?

ಕಾಡಿನ ಹಾಗೆ ಮರ, ಗಿಡ, ಕೋಳಿ ಎಲ್ಲ ಒಂದಕ್ಕೊಂದು ಒದಗುವಂತೆ ತೋಟ ಕಟ್ಟುವ ಪದ್ಧತಿಗೆ ಪರ್ಮಾಕಲ್ಚರ್ ಅನ್ನುತ್ತಾರೆ. ಅದನ್ನು ಮಾಡುವವರನ್ನು ಮಣ್ಣಿನ ಬಗ್ಗೆ ಕೇಳಿ ನೋಡಿ, ಗಂಟೆಗಟ್ಟಲೆ ಹೇಳುತ್ತಾರೆ. ನೀರು ಇಂಗಿಸುವುದು, ಹೊದಿಕೆ ಹಾಕುವುದು, ಎತ್ತರದ ಮರದಿಂದ ನೆಲದೊಳಗಿನ ಗೆಡ್ಡೆಯವರೆಗೆ ಏಳು ಪದರದ ತೋಟ, ಎಲ್ಲವೂ ಬರುತ್ತದೆ. ಮೊದಲ ಕಾಸು ಯಾವಾಗ ಕೈಗೆ ಬಂತು ಅಂತ ಕೇಳಿದರೆ ಮಾತ್ರ ಮಾತು ತೇಲಿಸುತ್ತಾರೆ. ದುಡ್ಡಿನ ಸುದ್ದಿ ಎತ್ತಿದ್ದೇ ತಪ್ಪು ಅನ್ನುವ ಹಾಗೆ ಮುಖ ನೋಡುವವರೂ ಇದ್ದಾರೆ.

ಈ ನಾಚಿಕೆ ಯಾಕೋ ನನಗೆ ಗೊತ್ತಾಗುವುದಿಲ್ಲ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್ ಜೊತೆ ಸೇರಿ ಈ ಪದ್ಧತಿಯನ್ನು ಕಟ್ಟಿದ ಡೇವಿಡ್ ಹೋಮ್‌ಗ್ರೆನ್, ಆಮೇಲೆ 12 ತತ್ವಗಳನ್ನು ಬರೆದಿಟ್ಟರು. ಮೊದಲನೆಯದು ಗಮನಿಸುವುದು, ಎರಡನೆಯದು ಶಕ್ತಿಯನ್ನು ಹಿಡಿದು ಕೂಡಿಡುವುದು. ಮೂರನೆಯದೇ ಫಸಲು ಪಡೆಯುವುದು. ಕಟ್ಟಕಡೆಗೆ ಸೇರಿಸಿದ ಮಾತಲ್ಲ ಅದು. ಇವತ್ತು ಮಾಡಿದ ಕೆಲಸಕ್ಕೆ ಇವತ್ತೇ ಒಂದಿಷ್ಟು ಫಲ ಸಿಗದಿದ್ದರೆ ತೋಟವೂ ಉಳಿಯುವುದಿಲ್ಲ, ತೋಟ ಮಾಡುವವರೂ ಉಳಿಯುವುದಿಲ್ಲ.

ಹಾಗಾದರೆ ಮೊದಲ ಆದಾಯ ಎಲ್ಲಿಂದ? ಮರಗಳಿಂದ ಅಲ್ಲ. ಹೆಚ್ಚಿನ ಹಣ್ಣಿನ ಗಿಡಗಳು ಸರಿಯಾಗಿ ಫಲ ಕೊಡಲು ಮೂರರಿಂದ ಐದು ವರ್ಷ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಮೂಲಂಗಿ ತಿಂಗಳೊಳಗೆ ಬರುತ್ತದೆ. ಸೊಪ್ಪು 30-40 ದಿನ. ಟ್ರೇಯಲ್ಲಿ ಬೆಳೆದು ಎಳೆಯದರಲ್ಲೇ ಕತ್ತರಿಸಿ ತಿನ್ನುವ ಪುಟ್ಟ ಸಸಿಗಳು, ಅಂದರೆ ಮೈಕ್ರೋಗ್ರೀನ್ಸ್, ಒಂದೆರಡು ವಾರ. ಕೋಳಿಮರಿ ತಂದರೆ ಮೊಟ್ಟೆ ನೋಡಲು ಐದಾರು ತಿಂಗಳು ಕಾಯಬೇಕು. ಈ ಲೆಕ್ಕ ಎದುರಿಗಿಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಮರ ನೆಡಿ, ಮೊದಲ ದಿನದಿಂದಲೇ ನೆಡಿ. ಆದರೆ ಮೊದಲ ವರ್ಷದ ಖರ್ಚನ್ನು ಅವುಗಳ ತಲೆಗೆ ಕಟ್ಟಬೇಡಿ.

ಎಳೆಯ ಮರಗಳ ನಡುವೆ ಬೀಳುವ ಬಿಸಿಲು ಇದೆಯಲ್ಲ, ಅದು ಕೆಲವೇ ವರ್ಷದ ಆಸ್ತಿ. ಕೊಂಬೆ ಹರಡಿದ ಮೇಲೆ ಅದು ಮತ್ತೆ ಸಿಗುವುದಿಲ್ಲ. ಆ ಸಾಲುಗಳಲ್ಲಿ ತರಕಾರಿ ಮಡಿ ಮಾಡಿದರೆ ಗಿಡಕ್ಕೆ ಹಾಕಿದ ನೀರು, ಗೊಬ್ಬರ ಎರಡಕ್ಕೂ ಆಗುತ್ತದೆ. ದಿನಾ ಅಲ್ಲಿ ಓಡಾಡುವುದರಿಂದ ಎಳೆಯ ಗಿಡಗಳ ಮೇಲೂ ಕಣ್ಣಿರುತ್ತದೆ. ಬುಡಕ್ಕೆ ತೀರಾ ಹತ್ತಿರ ಅಗೆಯಬೇಡಿ, ಅಷ್ಟೇ. ನೆರಳು ಹೆಚ್ಚಾದ ಹಾಗೆ ಮಡಿಗಳು ಬಿಸಿಲಿದ್ದ ಕಡೆ ಸರಿಯುತ್ತವೆ.

ಇಲ್ಲಿ ನನ್ನದೊಂದು ತಕರಾರಿದೆ. ವೈವಿಧ್ಯ ವೈವಿಧ್ಯ ಅಂತ ಸಿಕ್ಕಿದ್ದೆಲ್ಲ ಒಂದೊಂದು ಗಿಡ ಹಾಕುತ್ತಾರೆ. ಮನೆ ಅಡುಗೆಗೆ ಅದು ಚಂದ. ಮಾರೋದಕ್ಕೆ ಆಗಲ್ಲ. ಈ ವಾರ ಒಂದು ಬುಟ್ಟಿ, ಮುಂದಿನ ವಾರ ಏನೂ ಇಲ್ಲ ಅಂದರೆ ಗಿರಾಕಿ ಮೂರನೇ ವಾರ ಬೇರೆ ಕಡೆ ಹೋಗುತ್ತಾನೆ. ತೋಟದಲ್ಲಿ ನೂರು ಜಾತಿ ಇರಲಿ, ಮಾರುವುದಕ್ಕೆ ನಾಲ್ಕೈದು ಸಾಕು. ಅವನ್ನು ಒಟ್ಟಿಗೆ ಬಿತ್ತದೆ ವಾರಕ್ಕೊಂದು ಮಡಿಯಂತೆ ಬಿತ್ತಿ. ಕತ್ತರಿಸಿದರೆ ಮತ್ತೆ ಚಿಗುರುವ ಸೊಪ್ಪುಗಳಿದ್ದರೆ ಇನ್ನೂ ಒಳ್ಳೆಯದು.

ಆದಾಯದ ಇನ್ನೊಂದು ದಾರಿ ಸಸಿ ಮಾರಾಟ. ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತೋಟಕ್ಕೆ ಬೇಕು ಅಂತ ಹೇಗೂ ಸಸಿ ಮಾಡುತ್ತೀರಿ, ಕಡ್ಡಿ ನೆಟ್ಟು ಬೇರು ಬರಿಸುತ್ತೀರಿ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಮಾಡಿ. ಜಾಗ ತೀರಾ ಕಡಿಮೆ ಸಾಕು, ಸೊಪ್ಪಿನ ಹಾಗೆ ಸಂಜೆಯೊಳಗೆ ಬಾಡುವುದಿಲ್ಲ, ಈ ವಾರ ಮಾರದಿದ್ದರೆ ಮುಂದಿನ ವಾರ ಮಾರಬಹುದು. ಯಾರದೋ ಹಕ್ಕಿರುವ ತಳಿಯನ್ನು ಮಾತ್ರ ಹೀಗೆ ಮಾರಬೇಡಿ.

ಫ್ರಾನ್ಸ್‌ನ ನಾರ್ಮಂಡಿಯಲ್ಲಿ ಬೆಕ್ ಎಲ್ವಾಂ ಅನ್ನುವ ತೋಟವಿದೆ. 2011ರಿಂದ 2015ರವರೆಗೆ ಸಂಶೋಧಕರು ಅಲ್ಲಿ ಆದಾಯದ ಲೆಕ್ಕ ಹಾಕಿದರು. 1,000 ಚದರ ಮೀಟರ್, ಅಂದರೆ ಸುಮಾರು ಕಾಲು ಎಕರೆಯಲ್ಲಿ ಒಬ್ಬರ ಸಂಪಾದನೆ ಸಾಧ್ಯ ಅನ್ನುವ ಸುದ್ದಿ ಎಲ್ಲ ಕಡೆ ಓಡಾಡಿತು. ಆದರೆ ಅವರು ಅಳೆದದ್ದು ಒತ್ತೊತ್ತಾಗಿ ಬೆಳೆದು, ಕೈಯಲ್ಲೇ ದುಡಿದ ತರಕಾರಿ ಮಡಿಗಳನ್ನು. ತೋಟದ ಉಳಿದ ಜಾಗ ಆ ಲೆಕ್ಕದಲ್ಲಿ ಇರಲಿಲ್ಲ. ಸುಮ್ನೆ ಬಿಟ್ಟರೆ ಕಾಡೇ ಸಾಕುತ್ತದೆ ಅನ್ನುವವರು ಇದೇ ತೋಟದ ಹೆಸರು ಹೇಳುವಾಗ ನನಗೆ ನಗು ಬರುತ್ತದೆ.

ಗಿರಾಕಿಗಳಿಂದ ಹಂಗಾಮಿನ ಹಣ ಮುಂಗಡ ತೆಗೆದುಕೊಂಡು ವಾರವಾರ ಬುಟ್ಟಿ ಕೊಡುವ ಪದ್ಧತಿಯೂ ಇದೆ. ಅಮೆರಿಕದಲ್ಲಿ 1986ರಲ್ಲಿ ಎರಡು ತೋಟಗಳು ಇದನ್ನು ಶುರು ಮಾಡಿದವು. ಒಳ್ಳೆಯ ಪದ್ಧತಿ, ಬೆಳೆ ಕೈಕೊಟ್ಟರೆ ನಷ್ಟವೂ ಹಂಚಿಕೆಯಾಗುತ್ತದೆ. ಆದರೂ ಮೊದಲ ವರ್ಷವೇ ಬೇಡ ಅನ್ನುತ್ತೇನೆ. ನಿಮ್ಮ ಮಣ್ಣು ವಾರಕ್ಕೆ ಎಷ್ಟು ಕೊಡುತ್ತದೆ ಅಂತ ಗೊತ್ತಿಲ್ಲದೆ ಬೇರೆಯವರ ದುಡ್ಡು ಹಿಡಿದರೆ ನಿದ್ದೆ ಬರಲ್ಲ.

ಲೆಕ್ಕ ಬರೆಯುವಾಗ ಮನೆಗೆ ತಿಂದದ್ದು ಬೇರೆ, ಮಾರಿದ್ದು ಬೇರೆ ಇಡಿ. ನಿಮ್ಮ ದುಡಿಮೆಯ ಗಂಟೆಗಳನ್ನೂ ಬರೆಯಿರಿ. ಬೇಸರದ ಕೆಲಸ, ಆದರೆ ಯಾವ ಬೆಳೆ ಸಮಯ ತಿಂದು ಕಾಸು ಕೊಡುತ್ತಿಲ್ಲ ಅನ್ನುವುದು ಅಲ್ಲೇ ಸಿಕ್ಕಿಬೀಳುತ್ತದೆ.

ಕೊನೆಗೆ ಕೋರ್ಸ್‌ಗಳ ವಿಷಯ. ಎಷ್ಟೋ ತೋಟಗಳಿಗೆ ಕಲಿಸುವುದರಿಂದಲೇ ಜಾಸ್ತಿ ದುಡ್ಡು ಬರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಕಲಿಸುವುದೂ ದುಡಿಮೆಯೇ. ಅದನ್ನು ಬೆಳೆಯ ಆದಾಯ ಅಂತ ತೋರಿಸುವುದು ಮಾತ್ರ ಮೋಸ. ಅದನ್ನು ನಂಬಿ ಕೆಲಸ ಬಿಟ್ಟು ಬಂದ ಹೊಸಬರ ಗತಿ ಏನು? ಹಾಗಾಗಿ ಯಾರ ಹತ್ತಿರವಾದರೂ ಕಲಿಯಲು ಹೋಗುವ ಮೊದಲು ಕೇಳಿಬಿಡಿ: ನಿಮ್ಮ ತೋಟದ ದುಡ್ಡಿನಲ್ಲಿ ಬೆಳೆಯದ್ದೆಷ್ಟು, ಕೋರ್ಸಿನದ್ದೆಷ್ಟು?