ಘಟ್ಟ ಹತ್ತಿದ ಸಮುದ್ರ

ಸುಸ್ಥಿರ ಸಮುದ್ರಾಹಾರದ ಅಂತರರಾಷ್ಟ್ರೀಯ ಸಮ್ಮೇಳನ ನಮ್ಮ ಕೊಡಗಿನ ರೆಸಾರ್ಟಿನಲ್ಲಿ ನಡೆಯುತ್ತಂತೆ ಅನ್ನೋ ಸುದ್ದಿ ನೀವೂ ಓದಿರ್ತೀರಿ. ಓದಿ ನಕ್ಕಿರ್ತೀರಿ. ನಗಬೇಡಿ. ಸಮುದ್ರ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಮನೆ ಬಾಗಿಲಿಗೆ ಬಂದ ಗೌರವವನ್ನು ವಾಪಸ್ ಕಳಿಸೋಕಾಗುತ್ತಾ? ನಮ್ಮಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಆದರೂ ಶನಿವಾರ ಬಂತೆಂದರೆ ಅರ್ಧ ಬೆಂಗಳೂರು ರಾಜಾಸೀಟಿನಲ್ಲೇ ಇರುತ್ತೆ.

ಯೋಚಿಸಿದರೆ ಜಾಗದ ಆಯ್ಕೆ ಬಹಳ ಜಾಣತನದ್ದು. ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಮಾಡಿದ್ದರೆ ಮೊದಲು ಮೀನಿನ ವಾಸನೆ, ಆಮೇಲೆ ಮೀನುಗಾರರು. ವಾಸನೆಯನ್ನು ಹೇಗಾದರೂ ಸಹಿಸಬಹುದು. ಮೀನುಗಾರರು ಪ್ರಶ್ನೆ ಕೇಳ್ತಾರೆ. ಎರಡು ಬೋಟು ಸೇರಿ ಒಂದೇ ಬಲೆ ಎಳೆಯೋ ಬುಲ್ ಟ್ರಾಲಿಂಗು, ರಾತ್ರಿ ಬೆಳಕು ಬಿಟ್ಟು ಮೀನು ಸೆಳೆಯೋ ಲೈಟ್ ಫಿಶಿಂಗು ಎರಡನ್ನೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆಯಲ್ಲ, ಮತ್ತೆ ರಾತ್ರಿ ಕಡಲಲ್ಲಿ ಕಾಣೋ ಬೆಳಕು ಯಾರದ್ದು ಅಂತ ವೇದಿಕೆ ಮುಂದೆಯೇ ನಿಂತು ಕೇಳ್ತಾರೆ. ಬೆರಳುದ್ದದ ಮರಿ ಮೀನನ್ನು ಫಿಶ್‌ಮೀಲ್ ಕಾರ್ಖಾನೆಯಲ್ಲಿ ಹಿಟ್ಟು ಮಾಡೋದು ಸುಸ್ಥಿರವೋ ಅಲ್ಲವೋ ಅಂತಾರೆ. ಇಷ್ಟು ಕೇಳೋದಕ್ಕೆ ಸಂಪಾಜೆ ಘಾಟಿ ಹತ್ತಿ ಬರೋಕೆ ಯಾವ ಬೋಟಿನವನಿಗೆ ಪುರುಸೊತ್ತಿದೆ? ‘ಮೀನುಗಾರರ ದನಿ’ ಅಂತ ಒಂದು ಗೋಷ್ಠಿ ಇಟ್ಟು ನಾಲ್ಕು ಜನ ಕನ್ಸಲ್ಟೆಂಟುಗಳನ್ನು ಕೂರಿಸಿದರೆ ಕೆಲಸ ಮುಗೀತು. ಮೈಕೂ ಕೆಡಲ್ಲ.

ಇದರಲ್ಲಿ ಒಂದು ನ್ಯಾಯವೂ ಇದೆ ಅನ್ನಿ. 2023ರಲ್ಲಿ ವಿಶ್ವ ಕಾಫಿ ಸಮ್ಮೇಳನ ಏಷ್ಯಾದಲ್ಲೇ ಮೊದಲ ಸಲ ನಡೆದಾಗ ಅದು ನಡೆದದ್ದು ಬೆಂಗಳೂರಿನ ಅರಮನೆಯಲ್ಲಿ. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಬೆಳೆಯೋ ನಾವು ಇಲ್ಲಿ ಕೂತು ಟಿವಿಯಲ್ಲಿ ನೋಡಿದೆವು. ಕಾಫಿ ಅವರಿಗೆ ಹೋಯ್ತು, ಮೀನು ನಮಗೆ ಬಂತು. ಲೆಕ್ಕ ಚುಕ್ತಾ.

ಸಮ್ಮೇಳನದ ದೊಡ್ಡ ವಿಷಯ ಟ್ರೇಸಬಿಲಿಟಿಯಂತೆ. ಅಂದರೆ ತಟ್ಟೆಯಲ್ಲಿರೋ ಮೀನು ಯಾವ ಕಡಲಿನದು, ಯಾವ ಬೋಟಿನದು, ಯಾವ ಬಲೆಗೆ ಬಿತ್ತು ಅಂತ ತಿನ್ನೋನಿಗೆ ಗೊತ್ತಾಗಬೇಕು. ಒಳ್ಳೇದೇ. ಲಂಡನ್ನಿನ ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಇಂಥ ಮೀನಿಗೆ ನೀಲಿ ಲೇಬಲ್ ಕೊಡುತ್ತೆ. ನಮ್ಮ ದೇಶದಲ್ಲಿ ಅದು ಮೊದಲು ಸಿಕ್ಕಿದ್ದು 2014ರಲ್ಲಿ, ಕೊಲ್ಲಂ ಹತ್ತಿರದ ಅಷ್ಟಮುಡಿ ಹಿನ್ನೀರಿನ ಮರುವಾಯಿ ಚಿಪ್ಪಿಗೆ.

ನಮ್ಮ ಬೀದಿಯ ಟ್ರೇಸಬಿಲಿಟಿ ಬೇರೆ ಥರದ್ದು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಓಮ್ನಿ ಬರುತ್ತೆ. ಒಂದೇ ಸಮ ಹಾರ್ನ್. ಹಿಂದಿನ ಬಾಗಿಲಿಂದ ಐಸು ನೀರು ರಸ್ತೆಗೆ ಸುರೀತಾ ಇರುತ್ತೆ, ಅದರ ಹಿಂದೆ ಬೆಕ್ಕುಗಳು. “ಎಲ್ಲಿಂದಪ್ಪಾ ಮೀನು?” ಅಂದರೆ, “ಮಂಗಳೂರು ಅಕ್ಕಾ, ಇವತ್ತು ಬೆಳಿಗ್ಗೆದು.” ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯೋ ಹಾಗಿಲ್ಲ. ಆಗ ಕೇಳಿದರೂ ಉತ್ತರ ಅದೇ, “ಮಂಗಳೂರು ಅಕ್ಕಾ, ಇವತ್ತು ಬೆಳಿಗ್ಗೆದು.” ಪಕ್ಕದ ಮನೆ ಅಜ್ಜಿ ಒಂದೂ ಮಾತಾಡಲ್ಲ. ಬಂಗುಡೆಯ ಕಿವಿರು ಎತ್ತಿ ನೋಡ್ತಾರೆ, ಹೊಟ್ಟೆ ಮೇಲೆ ಹೆಬ್ಬೆರಳು ಒತ್ತುತ್ತಾರೆ. ಒತ್ತಿದ ಗುಳಿ ಹಾಗೇ ಉಳಿದರೆ ಮೀನು ವಾಪಸ್ ಬುಟ್ಟಿಗೆ. “ಐಸಿಗೆ ಹಾಗಾಗಿದ್ದು ಅಜ್ಜೀ” ಅಂತ ಅವನು. “ನನಗೂ ಹಾಗೇ ಆಗಿದೆ, ನನ್ನನ್ನು ಯಾರಾದ್ರೂ ಕೊಳ್ತಾರಾ?” ಅಂತ ಅಜ್ಜಿ. ಇವರನ್ನು ಉದ್ಘಾಟನೆಗೆ ಕರೀಬೇಕಿತ್ತು. ಇಂಗ್ಲಿಷ್ ಬರಲ್ಲ, ಅದೊಂದೇ ತೊಂದರೆ.

ಬೋಟುಗಳು ದಡದಲ್ಲಿರೋ ಆ ಮಳೆಗಾಲದಲ್ಲಿ ಕೊಡಗು ಏನು ಉಪವಾಸ ಇರ್ತಿತ್ತಾ? ಕಕ್ಕಡ ತಿಂಗಳಿಗೆ ಗದ್ದೆಯ ಏಡಿ ಇತ್ತು, ಕಣಿಲೆ ಇತ್ತು, ಅಣಬೆ ಇತ್ತು, ಗದ್ದೆ ನೀರಿನ ಸಣ್ಣ ಕೊಯಿಲೆ ಮೀನು ಇತ್ತು. ಯಾರೂ ಅದಕ್ಕೆ ಲೇಬಲ್ ಅಂಟಿಸಿರಲಿಲ್ಲ. ಈಗ ಕೊಯಿಲೆ ಹುಡುಕಿ ನೋಡೋಣ. ಗದ್ದೆಗೆ ಔಷಧಿ ಹೊಡೆದೆವು. ಆಮೇಲೆ ನಾಟಿಗೆ ಆಳಿಲ್ಲ ಅಂತ ಗದ್ದೆಯನ್ನು ಪಾಳು ಬಿಟ್ಟೆವು. ಆಮೇಲೆ ಮಣ್ಣು ತುಂಬಿಸಿ ಅಲ್ಲಿ ರೆಸಾರ್ಟ್ ಕಟ್ಟಿದೆವು. ಈಗ ಆ ರೆಸಾರ್ಟಿನಲ್ಲೇ ಕೂತು, ಮೀನು ಉಳಿಸೋದು ಹೇಗೆ ಅಂತ ಪವರ್‌ಪಾಯಿಂಟ್ ತೋರಿಸ್ತೀವಿ.

ಕಾವೇರಿಯ ಡುಬ್ಬದ ಮಹಶೀರ್ ಕೂಡ ಈ ಸಮ್ಮೇಳನಕ್ಕೆ ಅರ್ಜಿ ಹಾಕಬಹುದಿತ್ತು. ಅಳಿವಿನಂಚಿಗೆ ಬಂದ ಮೀನು ಅದು. ಎಷ್ಟೋ ವರ್ಷ ಸರಿಯಾದ ವೈಜ್ಞಾನಿಕ ಹೆಸರೂ ಇಲ್ಲದೆ ಇದ್ದು, 2018ರಲ್ಲಿ ಹೆಸರು ಸಿಕ್ಕಿತು, ಅದರ ಜೊತೆಗೇ ‘ತೀರಾ ಅಪಾಯದಲ್ಲಿದೆ’ ಅನ್ನೋ ಪಟ್ಟಿಯಲ್ಲಿ ಜಾಗವೂ ಸಿಕ್ಕಿತು. ಮಹಶೀರ್ ಉಳಿಸ್ತೀವಿ ಅಂತ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಹೊಳೆಗೆ ಬಿಟ್ಟರು, ಅವು ಮನೆಯವನನ್ನೇ ಮೂಲೆಗೆ ತಳ್ಳಿದವು. ಆದರೆ ಇದು ಹೊಳೆ ಮೀನು, ಸಮ್ಮೇಳನ ಸಮುದ್ರದ್ದು. ನಿಯಮ ಅಂದ್ಮೇಲೆ ನಿಯಮ.

ತಮಾಷೆ ಸಾಕು. ಬೂತಾಯಿ ಬಡವರ ಮೀನು. ತೋಟದ ಲೈನ್ ಮನೆಗಳಲ್ಲಿ ವಾರಕ್ಕೊಮ್ಮೆ ಸಾರಿನ ಪರಿಮಳ ಬರ್ತಿದ್ದದ್ದು ಅದರದ್ದೇ. 2012ರಲ್ಲಿ ಕೇರಳದ ದಡಕ್ಕೆ ಸುಮಾರು 4 ಲಕ್ಷ ಟನ್ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಲಕ್ಷ ಎಲ್ಲಿ ಹೋಯ್ತು ಅಂತ ಇನ್ನೊಂದು ಸಲ ಓದಬೇಡಿ, ಸಂಖ್ಯೆ ಸರಿಯಾಗೇ ಇದೆ. ಕಡಲು ಬಿಸಿಯಾಯ್ತು, ಮರಿಗಳನ್ನೂ ಬಿಡದೆ ಬಾಚಿದರು. ಇದನ್ನು ತಿಳ್ಕೊಳ್ಳೋಕೆ ಯಾರೂ ವಿಮಾನ ಹತ್ತಬೇಕಾಗಿಲ್ಲ. ಕೊಚ್ಚಿಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ವರ್ಷ ವರ್ಷ ಲೆಕ್ಕ ಕೊಡುತ್ತೆ. ಓದೋರು ಬೇಕು, ಓದಿದ ಮೇಲೆ ಮರಿ ಹಿಡಿಯೋ ಬೋಟನ್ನು ನಿಲ್ಲಿಸೋ ಧೈರ್ಯ ಬೇಕು. ಅದಿಲ್ಲ. ಅದಕ್ಕೇ ಸಮ್ಮೇಳನ. ಇತ್ತ ಹೋಮ್‌ಸ್ಟೇಗಳ ಕೊಳಚೆ ತೋಡಿಗೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ. ಆ ನೀರು ಕೊನೆಗೆ ಹೋಗೋದು ಸಮುದ್ರಕ್ಕೇ ತಾನೇ? ಅದರ ಬಗ್ಗೆ ಒಂದು ಗೋಷ್ಠಿಯೂ ಇರಲ್ಲ, ಬೇಕಿದ್ದರೆ ಬರೆದಿಟ್ಕೊಳ್ಳಿ.

ಎರಡನೇ ದಿನ ಕ್ಷೇತ್ರ ಭೇಟಿ ಇರಲೇಬೇಕು. ಅಬ್ಬಿ ಫಾಲ್ಸ್, ದುಬಾರೆ ಆನೆ ಕ್ಯಾಂಪ್, ಆಮೇಲೆ ಹೋಮ್‌ಮೇಡ್ ಚಾಕೊಲೇಟ್ ಅಂಗಡಿ. ರಾತ್ರಿ ಊಟಕ್ಕೆ ಐಸಿನಲ್ಲಿ ಘಟ್ಟ ಹತ್ತಿದ ಅಂಜಲ್, ಮಾಂಜಿ, ಸಿಗಡಿ. ವಿದೇಶದಿಂದ ಬಂದೋರು ಬೇಜಾರು ಮಾಡ್ಕೋಬಾರದು ಅಂತ ಸಾಲ್ಮನ್. ಪಕ್ಕದಲ್ಲಿ ಪಂದಿ ಕರಿ, ಕಡಂಬುಟ್ಟು. ಮೊದಲು ಖಾಲಿಯಾಗೋದು ಯಾವ ಪಾತ್ರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಊಟದ ಪಾಸು ಯಾರ ಹತ್ರ ಸಿಗುತ್ತೆ, ಗೊತ್ತಿದ್ದೋರು ಒಂದು ಫೋನ್ ಮಾಡಿ.